19 ವರ್ಷ ಕೋಡ್ ಬರೆದವನಿಗೆ 40 ನಿಮಿಷದ ಗ್ರಾಫ್ ಲೆಕ್ಕ: ಇಂಟರ್‌ವ್ಯೂ ಹೀಗೇ ಇರಬೇಕಾ?

ಬೆಟ್ಟದಂಚು, ಶುಕ್ರವಾರ ರಾತ್ರಿ 9:10

ಶಿರಸಿ-ಯಲ್ಲಾಪುರ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮನೆ. ಸಾಫ್ಟ್‌ವೇರ್ ಕೆಲಸಕ್ಕೆ ಸೇರಿ 19 ವರ್ಷ ಆಯ್ತು. 14 ವರ್ಷ ಬೆಂಗಳೂರು, ಆಮೇಲೆ ಊರಿಂದಲೇ. ಮಾರ್ಚಲ್ಲಿ ನಮ್ಮ ತಂಡವನ್ನೇ ಮುಚ್ಚಿದರು. ಅಲ್ಲಿಂದ ಈಚೆಗೆ ಆರು ಕಡೆ ಇಂಟರ್‌ವ್ಯೂ ಕೊಟ್ಟೆ. ಕಳೆದ ವಾರದ್ದು ಮಾತ್ರ ಮನಸ್ಸಿಂದ ಹೋಗ್ತಾ ಇಲ್ಲ.

ಐದನೇ ಸುತ್ತು. 40 ನಿಮಿಷ, ಒಂದು ಗ್ರಾಫ್ ಲೆಕ್ಕ, ಅಂದರೆ ಬಿಂದುಗಳನ್ನು ಗೆರೆಗಳಿಂದ ಜೋಡಿಸಿದ ಜಾಲದ ಮೇಲಿನ ಲೆಕ್ಕ. ಎದುರಿನವರ ಕ್ಯಾಮೆರಾ ಆಫ್. ಡೇಟಾ ಎಷ್ಟಿರಬಹುದು ಅಂತ ಕೇಳಿದೆ, "ಎಷ್ಟು ಬೇಕಾದರೂ ಇರಲಿ" ಅಂದರು. ಇದನ್ನು ಎಲ್ಲಿ ಬಳಸ್ತೀರಿ ಅಂದೆ, "ಅದು ಬೇಡ, ಕೋಡ್ ಬರೀರಿ" ಅಂದರು. 25ನೇ ನಿಮಿಷಕ್ಕೆ ದಾರಿ ಸಿಕ್ತು. ಅಷ್ಟೊತ್ತಿಗೆ ಮಳೆ ಜೋರಾಗಿ ಕರೆಂಟ್ ಹೋಯ್ತು. ಇನ್ವರ್ಟರ್ ಹತ್ತಿಕೊಂಡರೂ ರೂಟರ್ ಮತ್ತೆ ಶುರುವಾಗಲಿಕ್ಕೆ ಮೂರು ನಿಮಿಷ. ವಾಪಸ್ ಬಂದಾಗ ಕೇಳಿದ್ದು ಒಂದೇ ಮಾತು, "ಮುಗೀತಾ?" ಮುಗಿದಿರಲಿಲ್ಲ. ಮಾರನೇ ದಿನ ಎರಡು ಸಾಲಿನ ಮೇಲ್ ಬಂತು.

ಕೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಹತ್ತು ವರ್ಷ ಆ ಕುರ್ಚಿಯಲ್ಲಿ ನಾನೂ ಕೂತವನು. ಮುನ್ನೂರರ ಮೇಲೆ ಜನರನ್ನು ಇಂಟರ್‌ವ್ಯೂ ಮಾಡಿದ್ದೇನೆ. ನನ್ನ ಕಾಯಂ ಪ್ರಶ್ನೆ, ಒಂದು ಇನ್ನೊಂದನ್ನು ತೋರಿಸ್ತಾ ಹೋಗುವ ಸರಪಳಿ, ಅಂದರೆ ಲಿಂಕ್ಡ್ ಲಿಸ್ಟ್‌ನಲ್ಲಿ ಸುತ್ತಿ ಹಿಂದಕ್ಕೇ ಬರುವ ಲೂಪ್ ಇದೆಯಾ ಕಂಡುಹಿಡಿ ಅನ್ನೋದು. ಅದಕ್ಕೆ ಆಮೆ-ಮೊಲದ ಉಪಾಯ ಉಂಟಲ್ಲ, ಜಾಗ ತೋರಿಸುವ ಒಂದು ಪಾಯಿಂಟರ್ ಒಂದೊಂದು ಹೆಜ್ಜೆ, ಇನ್ನೊಂದು ಎರಡೆರಡು ಹೆಜ್ಜೆ. ಅದನ್ನು ಇಪ್ಪತ್ತು ನಿಮಿಷದಲ್ಲಿ ಕೂತಲ್ಲೇ ಹೊಸದಾಗಿ ಕಂಡುಹಿಡಿದವರನ್ನು ನಾನು ನೋಡಿಲ್ಲ. ಮೊದಲೇ ಓದಿದವರು ಬರೆದರು, ಓದದೇ ಇದ್ದವರು ಬೆವರಿದರು. ಬೆವರಿದವರನ್ನು ನಾನು ಮನೆಗೆ ಕಳಿಸಿದೆ. ಅವರಲ್ಲಿ ಎಷ್ಟು ಒಳ್ಳೆ ಎಂಜಿನಿಯರುಗಳಿದ್ದರೋ ಅಂತ ಈಗ ಹೊಟ್ಟೆ ಉರೀತದೆ.

ಅಕ್ಕನ ಮಗ ಕೊನೇ ವರ್ಷದಲ್ಲಿದ್ದಾನೆ. "ಮಾವ, ಅಭ್ಯಾಸಕ್ಕೆ 500 ಕೋಡಿಂಗ್ ಪ್ರಾಬ್ಲಮ್ ಮಾಡಿದರೆ ಸಾಕಾ?" ಅಂತ ಕೇಳ್ತಾನೆ. ಏನು ಹೇಳಲಿ? ಇಂಟರ್‌ವ್ಯೂ ಮಾಡುವವರು, ಕೊಡುವವರು, ಇಬ್ಬರೂ ಬರೀರಿ.

ಕುಮಟಾ_ಕಡಲು, 9:24

ಓದಿ ಬೇಜಾರಾಯ್ತು ಭಾವ. ನನ್ನ ಕಥೆ ಬೇರೆ ಥರ. ಒಂದು ಕಡೆ ಪರೀಕ್ಷೆ ಅಂತ ಮನೆಗೇ ಕೆಲಸ ಕೊಟ್ಟರು, "ಮೂರು ತಾಸಿನದು" ಅಂತ. ಲಾಗಿನ್, ಪೇಮೆಂಟ್, ಟೆಸ್ಟ್, ಡಾಕರ್ ಎಲ್ಲ ಬೇಕಂತೆ. ಶನಿವಾರ ಪೂರ್ತಿ, ಭಾನುವಾರ ಮಧ್ಯಾಹ್ನದವರೆಗೆ ಕೂತೆ. ಕಳಿಸಿದೆ. ಇವತ್ತಿಗೆ ನಾಲ್ಕು ತಿಂಗಳು, ತಲುಪಿತು ಅಂತಲೂ ಉತ್ತರ ಇಲ್ಲ. ಆ ವಾರ ಮಗಳ ಶಾಲೆಯ ಕಾರ್ಯಕ್ರಮ ಇತ್ತು, ಹೋಗಲಿಲ್ಲ. ಅದೇ ನೋವು.

ಕಾಳಿ_ದಂಡೆ, 9:41

ನಾನು ಸ್ವಲ್ಪ ಎದುರು ಹೇಳ್ತೇನೆ, ತಪ್ಪು ತಿಳೀಬೇಡಿ. ಕಾರವಾರದವ, ಈಗ ಪುಣೆ. 11 ವರ್ಷದ ಅನುಭವ.

ಇಂಥ ಅಲ್ಗಾರಿದಮ್ ಪ್ರಶ್ನೆ ಪೂರ್ತಿ ತೆಗೆದುಹಾಕಿದ ತಂಡದಲ್ಲಿ ನಾನಿದ್ದೆ. "ಅನುಭವದ ಬಗ್ಗೆ ಮಾತಾಡೋಣ" ಅಂತ ಶುರು ಮಾಡಿದೆವು. ಒಬ್ಬರು ಬಂದರು, ಮಾತು ಅಂದರೆ ಮಾತು. ಕಾಫ್ಕಾ, ಕುಬರ್ನೆಟಿಸ್ ಅಂತ ದೊಡ್ಡ ದೊಡ್ಡ ಸಾಫ್ಟ್‌ವೇರ್ ಹೆಸರೆಲ್ಲ ಬಾಯಲ್ಲಿ ಸಲೀಸು. ತಗೊಂಡೆವು. ಎರಡನೇ ವಾರ ನೋಡಿದರೆ ಮತ್ತೆ ಮತ್ತೆ ಓಡುವ ಒಂದು ಲೂಪಿನ ಒಳಗೆ ಡೇಟಾಬೇಸ್ ಕ್ವೆರಿ ಹಾಕಿದ್ದಾರೆ. ಇನ್ನೂರು ಆರ್ಡರ್ ಇದ್ದರೆ, ಪಟ್ಟಿಗೆ ಒಂದು, ಆರ್ಡರಿಗೆ ಒಂದೊಂದು, ಒಟ್ಟು ಇನ್ನೂರಾ ಒಂದು ಕ್ವೆರಿ. ಯಾಕೆ ನಿಧಾನ ಅಂತ ಕೇಳಿದರೆ "ಸರ್ವರ್ ದೊಡ್ಡದು ಮಾಡಿ" ಅಂತಾರೆ. ಆರು ತಿಂಗಳು ಅವರ ಕೆಲಸವನ್ನೂ ನಾವೇ ಮಾಡಿದೆವು.

ಗ್ರಾಫ್ ಬೇಡ, ಒಪ್ಪಿದೆ. ಆದರೆ ಏನಾದರೂ ಬರೆಸಲೇಬೇಕು. ಜೋಡಿಸಿಟ್ಟ ಪಟ್ಟಿಯನ್ನು ಅರ್ಧ ಅರ್ಧ ಮಾಡ್ತಾ ಹುಡುಕೋದು, ಹತ್ತು ವರ್ಷ ಆದವರಿಗೆ ಆ ಒಂದು ಬೈನರಿ ಸರ್ಚ್ ಬರಲ್ಲ ಅಂದರೆ ಹೇಗೆ?

ತದಡಿ_ಬಂದರು, 9:58

> ಒಂದು ಬೈನರಿ ಸರ್ಚ್ ಬರಲ್ಲ ಅಂದರೆ ಹೇಗೆ?

ಅದನ್ನೇ ಹಗುರ ಅಂದುಕೊಳ್ಳಬೇಡ ಮಾರಾಯ. ಜಾವಾ ಭಾಷೆಯ ಸ್ವಂತ ಕೋಡ್ ಲೈಬ್ರರಿಯಲ್ಲಿದ್ದ ಬೈನರಿ ಸರ್ಚ್ ತಪ್ಪಿತ್ತು. ಅದನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಹೇಳಿದ್ದು, ಒಂಬತ್ತು ವರ್ಷದಷ್ಟು ಕಾಲ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ ಅಂತ. ಮಧ್ಯದ ಜಾಗ ಹುಡುಕಲಿಕ್ಕೆ ಕೆಳತುದಿ, ಮೇಲ್ತುದಿ ಕೂಡಿಸಿ ಎರಡರಿಂದ ಭಾಗಿಸ್ತೇವಲ್ಲ, ಅಲ್ಲೇ ತಪ್ಪು. ಹುಡುಕುವ ಡೇಟಾದ ಸಾಲು (ಅರೇ) ಸುಮಾರು ನೂರು ಕೋಟಿ ದಾಟಿತು ಅಂದರೆ ಆ ಕೂಡಿಸಿದ ಸಂಖ್ಯೆ 32 ಬಿಟ್‌ನಲ್ಲಿ ಹಿಡಿಸದೆ ಮೈನಸ್ ಆಗ್ತದೆ. ಎರಡರ ವ್ಯತ್ಯಾಸದ ಅರ್ಧವನ್ನು ಕೆಳತುದಿಗೆ ಕೂಡಿಸಬೇಕು.

ಇಂಟರ್‌ವ್ಯೂ ಮಾಡುವ ಎಷ್ಟು ಜನಕ್ಕೆ ಇದು ಗೊತ್ತು? ತಪ್ಪು ಉತ್ತರಕ್ಕೆ ಪೂರ್ತಿ ಮಾರ್ಕು ಕೊಟ್ಟು, ಇನ್ನೊಬ್ಬರನ್ನು ಸೆಮಿಕೋಲನ್ ಬಿಟ್ಟದ್ದಕ್ಕೆ ಕಳಿಸ್ತಾರೆ.

ಕಾಳಿ_ದಂಡೆ, 10:03

ಈ ವಿಷಯ ನನಗೂ ಗೊತ್ತಿರಲಿಲ್ಲ. ನಾನು ಬರೆಯೋದೂ ಕೂಡಿಸಿ ಭಾಗಿಸಿಯೇ.

ಸೋಂದೆ_ಸೊಸೆ, 10:20

ಎಲ್ಲರ ಮಾತು ಓದಿದೆ. ಇನ್ನೊಂದು ಕಡೆಯಿಂದ ಹೇಳ್ತೇನೆ.

ಮಗು ಆದಮೇಲೆ ನಾಲ್ಕು ವರ್ಷ ಕೆಲಸ ಬಿಟ್ಟಿದ್ದೆ. ಮತ್ತೆ ಶುರು ಮಾಡುವಾಗ ಮೊದಲ ಇಂಟರ್‌ವ್ಯೂ. ಮೂವರು ಸ್ಕ್ರೀನಿನಲ್ಲಿ, ನಾನು ಒಬ್ಬಳೇ. ಶೇರ್ ಮಾಡಿದ ಎಡಿಟರ್‌ನಲ್ಲಿ ಒಂದಕ್ಷರ ಒತ್ತಿದರೂ ಅವರಿಗೆ ಕಾಣ್ತದೆ. ಅಳಿಸಿದರೂ ಕಾಣ್ತದೆ. ನಾನು ಯಾವಾಗಲೂ ಮೊದಲು ಹಾಳು ಕೋಡ್ ಬರೆದು ಆಮೇಲೆ ತಿದ್ದುವವಳು, ಹನ್ನೆರಡು ವರ್ಷದಿಂದ ಹಾಗೇ ಕೆಲಸ ಮಾಡಿದ್ದು. ಅವತ್ತು ಮೊದಲ ಸಾಲು ಬರೆಯಲಿಕ್ಕೇ ಕೈ ಬರಲಿಲ್ಲ. ಕಾಲ್ ಮುಗಿಸಿ ಅಡುಗೆಮನೆಗೆ ಹೋಗಿ ನೀರು ಕುಡಿದೆ, ಅಲ್ಲೇ ನಿಂತಲ್ಲೇ ಉತ್ತರ ಹೊಳೀತು. ಬಂದು ಬರೆದು ಓಡಿಸಿದೆ, ಹತ್ತು ನಿಮಿಷವೂ ಬೇಕಾಗಲಿಲ್ಲ.

ನನ್ನದೇ ಕೊರತೆ ಅಂದುಕೊಂಡಿದ್ದೆ. ಆಮೇಲೆ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರೂ ಮೈಕ್ರೋಸಾಫ್ಟ್‌ನವರೂ ಸೇರಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದೆ. 48 ವಿದ್ಯಾರ್ಥಿಗಳು, ಒಂದೇ ಲೆಕ್ಕ. ಕೆಲವರು ಪರೀಕ್ಷಕರ ಎದುರು ಬೋರ್ಡಿನಲ್ಲಿ ಬರೀಬೇಕು, ಉಳಿದವರು ಒಂದು ಕೋಣೆಯಲ್ಲಿ ಒಬ್ಬರೇ. ಯಾರೋ ನೋಡ್ತಾ ಕೂತಿದ್ದಾರೆ ಅನ್ನುವಷ್ಟಕ್ಕೇ ಫಲಿತಾಂಶ ಅರ್ಧಕ್ಕಿಂತ ಕೆಳಗಿಳೀತು. ಎದುರು ಬರೆದ ಹೆಣ್ಣುಮಕ್ಕಳಲ್ಲಿ ಒಬ್ಬರೂ ಪಾಸಾಗಲಿಲ್ಲ, ಒಬ್ಬರೇ ಕೂತು ಬರೆದವರು ಎಲ್ಲರೂ ಪಾಸಾದರು. ಸಣ್ಣ ಅಧ್ಯಯನ, ಅದೊಂದರಿಂದಲೇ ಎಲ್ಲ ತೀರ್ಮಾನ ಮಾಡಬಾರದು, ಗೊತ್ತು. ಆದರೂ ಓದಿದ ದಿನ ಎದೆಯ ಭಾರ ಇಳೀತು.

ಈಗ ನಾನೇ ಇಂಟರ್‌ವ್ಯೂ ಮಾಡ್ತೇನೆ. ಪ್ರಶ್ನೆ ಕೊಟ್ಟು, "ಹದಿನೈದು ನಿಮಿಷ ನಾನು ಕಾಲ್ ಬಿಟ್ಟಿರ್ತೇನೆ, ನೀವು ಬರೀರಿ, ಆಮೇಲೆ ಮಾತಾಡೋಣ" ಅಂತ ಎದ್ದು ಹೋಗ್ತೇನೆ.

ಕುಮಟಾ_ಕಡಲು, 10:26

ಅಕ್ಕ, ಆ ಹದಿನೈದು ನಿಮಿಷದಲ್ಲಿ ಎಐ ಹತ್ತಿರ ಕೇಳಿದರೆ?

ಸೋಂದೆ_ಸೊಸೆ, 10:31

ಕೇಳಲಿ. ವಾಪಸ್ ಬಂದು "ಈ ಸಾಲು ಯಾಕೆ ಬೇಕಾಯ್ತು, ತೆಗೆದರೆ ಏನಾಗ್ತದೆ" ಅಂತ ಕೇಳ್ತೇನೆ. ತಾನು ಬರೆದದ್ದೋ, ಅರ್ಥ ಮಾಡಿಕೊಂಡು ತಂದದ್ದೋ ಆದರೆ ಹೇಳ್ತಾರೆ. ಇಲ್ಲದಿದ್ದರೆ ಎರಡನೇ ಪ್ರಶ್ನೆಗೇ ನಿಲ್ತಾರೆ.

ಯಾಣದ_ಬಂಡೆ, 10:44

ನಾನು ಎಚ್ಆರ್. ಬೈಬೇಡಿ, ಪೂರ್ತಿ ಓದಿ.

ಎಐ ಬಂದಮೇಲೆ ನಮ್ಮ ಕಷ್ಟ ನಿಮಗೆ ಕಾಣೋದಿಲ್ಲ. ಕಣ್ಣು ಪಕ್ಕದ ಸ್ಕ್ರೀನಿಗೆ ಹೋಗ್ತಾ ಇರ್ತದೆ, ಪ್ರತಿ ಪ್ರಶ್ನೆಗೂ ನಾಲ್ಕು ಸೆಕೆಂಡ್ ಮೌನ, ಆಮೇಲೆ ಪುಸ್ತಕ ಓದಿದ ಹಾಗೆ ಉತ್ತರ. ಇಂಟರ್‌ವ್ಯೂ ಕೊಟ್ಟವರೇ ಬೇರೆ, ಕೆಲಸಕ್ಕೆ ಸೇರಿದವರೇ ಬೇರೆ, ಅದನ್ನೂ ನಾನು ನೋಡಿದ್ದೇನೆ. ಅದಕ್ಕೆ ಕೆಲವು ತಂಡಗಳು ಹೆದರಿ ಐದು ಸುತ್ತು, ಆರು ಸುತ್ತು ಅಂತ ಮಾಡ್ತಾ ಹೋಗ್ತಾರೆ.

ಆದರೆ ಸುತ್ತು ಹೆಚ್ಚು ಮಾಡಿದರೆ ಸರಿಯಾದವರು ಸಿಗ್ತಾರೆ ಅನ್ನೋದಕ್ಕೆ ಆಧಾರ ಇಲ್ಲ. ಯಾವ ಥರದ ಪರೀಕ್ಷೆಯಿಂದ ಮುಂದಿನ ಕೆಲಸ ಹೇಗಿರ್ತದೆ ಅಂತ ಊಹಿಸಬಹುದು ಅನ್ನೋದರ ಬಗ್ಗೆ ದಶಕಗಳ ಸಂಶೋಧನೆ ಉಂಟು. 2022ರಲ್ಲಿ ಆ ಹಳೇ ಲೆಕ್ಕಗಳನ್ನೆಲ್ಲ ಮರುಪರಿಶೀಲನೆ ಮಾಡಿದಾಗ ಮೇಲೆ ಬಂದದ್ದು ಅಚ್ಚುಕಟ್ಟಾಗಿ ಕಟ್ಟಿದ ಇಂಟರ್‌ವ್ಯೂ. ಅಂದರೆ ಎಲ್ಲರಿಗೂ ಅದೇ ಪ್ರಶ್ನೆ, ಯಾವ ಉತ್ತರಕ್ಕೆ ಎಷ್ಟು ಅಂಕ ಅಂತ ಮೊದಲೇ ಬರೆದಿಟ್ಟಿರೋದು. ಒಗಟು ಕೇಳೋದರ ಬಗ್ಗೆ ಗೂಗಲ್‌ನ ಎಚ್ಆರ್ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್ 2013ರಲ್ಲೇ ಹೇಳಿದ್ದಾರೆ, ಅದು ಪೂರ್ತಿ ಸಮಯ ವ್ಯರ್ಥ, ಕೇಳಿದವರಿಗೆ ತಾವು ಬುದ್ಧಿವಂತರು ಅನಿಸ್ತದೆ ಅಷ್ಟೇ ಅಂತ.

ನಮ್ಮಲ್ಲಿ ಆಗೋದೇನು? ಮಧ್ಯಾಹ್ನ 2ಕ್ಕೆ ಇಂಟರ್‌ವ್ಯೂ ಅಂದರೆ ಎಂಜಿನಿಯರ್ 1:55ಕ್ಕೆ ಬಯೋಡೇಟಾ ತೆಗೀತಾರೆ. ಪ್ರಶ್ನೆ ಅವರ ಮನಸ್ಸಿಗೆ ಬಂದದ್ದು.

ಕೊನೇಸೆಮ್, 11:02

ಸರ್, ಮೇಡಂ, ನಾನು ಕಾರವಾರ ಕಡೆ ಓದ್ತಾ ಇದ್ದೇನೆ. ಎಂಟನೇ ಸೆಮ್. ನಿಮ್ಮಂಥವರ ಹತ್ತಿರ ಮಾತಾಡಲಿಕ್ಕಾದರೂ ನಮಗೆ ಸಿಕ್ಕರೆ ಸಾಕು. ನಮ್ಮದು ಆಪ್ಟಿಟ್ಯೂಡ್‌ನಲ್ಲೇ ಮುಗಿದುಹೋಗ್ತದೆ. ರೈಲು ಸುರಂಗ ದಾಟುವ ಲೆಕ್ಕ, ಗಡಿಯಾರದ ಮುಳ್ಳಿನ ಕೋನ. ಅದು ದಾಟಿದರೆ ಗ್ರೂಪ್ ಡಿಸ್ಕಶನ್, ಇಂಗ್ಲಿಷಿನಲ್ಲಿ. ನಾನು ಹತ್ತನೇವರೆಗೆ ಕನ್ನಡ ಮಾಧ್ಯಮ. ಹೇಳಬೇಕಾದ್ದು ತಲೆಯಲ್ಲಿ ಇರ್ತದೆ, ವಾಕ್ಯ ಕಟ್ಟುವಷ್ಟರಲ್ಲಿ ಇನ್ನೊಬ್ಬ ಮಾತು ಮುಗಿಸಿರ್ತಾನೆ.

ಬೆಟ್ಟದಂಚು, 11:30

ತಮಾ, ನಿನ್ನ ಮಾತು ಓದಿ ಒಂದು ಘಟನೆ ಬರೀಲೇಬೇಕು ಅನಿಸ್ತು.

ನಾಲ್ಕು ವರ್ಷದ ಹಿಂದೆ ನಮ್ಮ ತಂಡಕ್ಕೆ ಜನ ಬೇಕಿತ್ತು. ಆಮೆ-ಮೊಲ ಬಿಟ್ಟು ಬೇರೆ ಏನಾದರೂ ಮಾಡೋಣ ಅಂತ ನಾನೇ ಒಂದು ಅರವತ್ತು ಸಾಲಿನ ಪ್ರೋಗ್ರಾಂ ಬರೆದಿಟ್ಟುಕೊಂಡೆ. ಅಡಿಕೆ ವ್ಯಾಪಾರದ ಬಿಲ್. ಚೀಲ ಎಷ್ಟು, ತೂಕ ಎಷ್ಟು, ಕ್ವಿಂಟಾಲಿಗೆ ದರ ಎಷ್ಟು, ರೈತರಿಗೆ ಎಷ್ಟು ಹಣ. ಬೇಕಂತಲೇ ಮೂರು ತಪ್ಪು ಹಾಕಿದ್ದೆ. ಒಂದು, ಹಣವನ್ನು ದಶಾಂಶವನ್ನು ಅಂದಾಜಿನಲ್ಲಿ ಇಡುವ ಫ್ಲೋಟ್‌ನಲ್ಲಿ ಇಟ್ಟದ್ದು. 0.1ಕ್ಕೆ 0.2 ಕೂಡಿಸಿದರೆ ಅಲ್ಲಿ 0.30000000000000004 ಬರ್ತದೆ, ಪೈಸೆ ತಾಳೆ ಆಗಲ್ಲ. ಎರಡು, ನೆಟ್ ನಿಧಾನ ಅಂತ ಬಟನ್ ಎರಡು ಸಲ ಒತ್ತಿದರೆ ಎರಡು ಬಿಲ್. ಮೂರು, ದಿನಾಂಕ ಯುಟಿಸಿಯಲ್ಲಿ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ತಾಸು ಹಿಂದಿರುವ ವಿಶ್ವ ಸಮಯದಲ್ಲಿ ತಗೊಳ್ಳೋದು, ಹಾಗಾಗಿ ಬೆಳಗಿನ ಜಾವ ಐದೂವರೆ ಒಳಗೆ ಮಾಡಿದ ಬಿಲ್ಲಿಗೆ ಹಿಂದಿನ ದಿನದ ತಾರೀಖು.

ಒಬ್ಬ ಹುಡುಗ ಬಂದ. ಸಿದ್ದಾಪುರ ಕಡೆಯವ. ಹಿಂದಿನ ಸುತ್ತಿನಲ್ಲಿ ಡೈನಮಿಕ್ ಪ್ರೋಗ್ರಾಮಿಂಗ್ ಅನ್ನುವ ಅಲ್ಗಾರಿದಮ್ ಲೆಕ್ಕ ಬಿಟ್ಟುಬಂದಿದ್ದ, "ಬೇಡ" ಅಂತ ಗುರುತು ಬಿದ್ದಿತ್ತು. ಇಂಗ್ಲಿಷಿನಲ್ಲಿ ತಡವರಿಸ್ತಾ ಇದ್ದ. "ಕನ್ನಡದಲ್ಲೇ ಹೇಳು" ಅಂದೆ. ಒಂದು ನಿಮಿಷ ನನ್ನನ್ನೇ ನೋಡಿದ, ನಿಜವಾಗಿ ಹೇಳ್ತಾ ಇದ್ದಾರಾ ಅನ್ನುವ ಹಾಗೆ. ಆಮೇಲೆ ಪ್ರೋಗ್ರಾಮನ್ನು ಮೇಲಿಂದ ಕೆಳಗೆ ಎರಡು ಸಲ ಸುಮ್ಮನೆ ಓದಿದ. ಕೀಬೋರ್ಡ್ ಮುಟ್ಟಲಿಲ್ಲ. ಓದಿ ಮುಗಿಸಿ ಕೇಳಿದ್ದು,

"ಸರ್, ಚೀಲದ ತೂಕ ಎಲ್ಲಿ ಕಳೆದಿದ್ದೀರಿ?"

ನಾನು ಕಳೆದಿರಲಿಲ್ಲ. ಖಾಲಿ ಗೋಣಿಚೀಲಕ್ಕೂ ತೂಕ ಉಂಟಲ್ಲ. ಅಡಿಕೆ ತೋಟದ ಮನೆಯಲ್ಲೇ ಹುಟ್ಟಿದವನು ನಾನು, ನನಗೇ ಹೊಳೆದಿರಲಿಲ್ಲ. ನಾನು ಹಾಕಿದ ಮೂರು ತಪ್ಪು, ಅವನು ತೋರಿಸಿದ್ದು ನಾಲ್ಕನೆಯದು. ಆಮೇಲೆ ಫ್ಲೋಟ್, ಎರಡು ಸಲದ ಬಿಲ್ ಎರಡನ್ನೂ ಹಿಡಿದ. ತಾರೀಖಿನದು ಹಿಡಿಯಲಿಲ್ಲ, ನಾನು ಸುಳಿವು ಕೊಟ್ಟಮೇಲೆ "ಓ, ಐದೂವರೆ ತಾಸು" ಅಂತ ತಾನೇ ಬಿಡಿಸಿದ.

ಹಟ ಮಾಡಿ ಅವನನ್ನು ತಗೊಂಡೆ. ಒಂದೂವರೆ ವರ್ಷದಲ್ಲಿ, ರಾತ್ರಿ ಏನಾದರೂ ನಿಂತುಹೋದರೆ ತಂಡದವರು ಮೊದಲು ಫೋನ್ ಮಾಡ್ತಾ ಇದ್ದದ್ದು ಅವನಿಗೇ. ನನ್ನ ಹಳೇ ಪ್ರಶ್ನೆ ಕೇಳಿದ್ದರೆ ಅವನೂ ಆ ಬೆವರಿದವರ ಪಟ್ಟಿಗೇ ಸೇರ್ತಿದ್ದ.

ಕಾಳಿ_ದಂಡೆ, 11:42

ಘಟನೆ ಚೆನ್ನಾಗಿದೆ, ಆದರೆ ಇಲ್ಲಿ ಒಂದು ತಪ್ಪು ಉಂಟು. ಅಡಿಕೆ ಗೊತ್ತಿದ್ದವನಿಗೆ ಅದು ಅನುಕೂಲ. ನಮ್ಮದು ಮೀನಿನ ಊರು, ಗೋಣಿಚೀಲದ ಲೆಕ್ಕ ನನಗೆ ಹೊಳೀತಿರಲಿಲ್ಲ. ದಿಲ್ಲಿಯಿಂದ ಬಂದವಳಿಗೆ ಕ್ವಿಂಟಾಲ್, ಅಡಿಕೆಯ ಚಾಲಿ, ರಾಶಿ ಎಂತ ಗೊತ್ತು? ಗ್ರಾಫ್ ಲೆಕ್ಕ ಎಲ್ಲರಿಗೂ ಒಂದೇ ಕಷ್ಟ. ಅದರಲ್ಲಿ ಒಂದು ನ್ಯಾಯ ಇದೆ.

ಬೆಟ್ಟದಂಚು, 11:49

ಖರೇ ಮಾತು. ಆರೇಳು ಜನ ಆದಮೇಲೆ ನನಗೂ ಅದು ತಿಳೀತು. ಬದಲು ಮಾಡಿದೆ. ಆಮೇಲೆ ಬಸ್ ಸೀಟು ಬುಕ್ ಮಾಡುವ ಪ್ರೋಗ್ರಾಂ ಕೊಡ್ತಿದ್ದೆ, ಬಸ್ಸು ಹತ್ತದವರು ಯಾರೂ ಇಲ್ಲ. ಇಬ್ಬರು ಒಂದೇ ಕ್ಷಣ ಒಂದೇ ಸೀಟು ಒತ್ತಿದರೆ ಏನಾಗ್ತದೆ ಅನ್ನೋದೇ ಅದರ ಜೀವ.

ಗ್ರಾಫ್ ಎಲ್ಲರಿಗೂ ಒಂದೇ ಕಷ್ಟ ಅನ್ನೋದನ್ನು ಮಾತ್ರ ಒಪ್ಪೋದಿಲ್ಲ. ಕೆಲಸ ಬಿಟ್ಟು ಮೂರು ತಿಂಗಳು ಕೂತು ಅಭ್ಯಾಸ ಮಾಡಲಿಕ್ಕೆ ಆಗುವವರಿಗೆ ಒಂದು ಕಷ್ಟ, ಎರಡು ಮಕ್ಕಳನ್ನು ಮಲಗಿಸಿ ರಾತ್ರಿ 11ಕ್ಕೆ ಲ್ಯಾಪ್‌ಟಾಪ್ ತೆಗೆಯುವವರಿಗೆ ಇನ್ನೊಂದು.

ಸೋಂದೆ_ಸೊಸೆ, 11:51

ಹೌದು.

ಇಶಾಡ_ಅಂಕೋಲಾ, ಶನಿವಾರ ಬೆಳಿಗ್ಗೆ 6:50

ರಾತ್ರಿ ಇಷ್ಟೆಲ್ಲ ನಡೆದಿದೆಯಾ. ಮ್ಯಾಕ್ಸ್ ಹೋವೆಲ್ ಕಥೆ ಯಾರೂ ಹೇಳಲಿಲ್ಲವಲ್ಲ. ಮ್ಯಾಕ್‌ನಲ್ಲಿ ಸಾಫ್ಟ್‌ವೇರ್ ಹಾಕಲಿಕ್ಕೆ ಹೋಮ್‌ಬ್ರೂ ಬಳಸ್ತೇವಲ್ಲ, ಅದನ್ನು ಬರೆದವರು. 2015ರಲ್ಲಿ ಟ್ವೀಟ್ ಮಾಡಿದ್ದರು, ಗೂಗಲ್‌ನ ನೂರಕ್ಕೆ ತೊಂಬತ್ತು ಎಂಜಿನಿಯರುಗಳು ನಾನು ಬರೆದ ಸಾಫ್ಟ್‌ವೇರ್ ಬಳಸ್ತಾರಂತೆ, ಆದರೆ ಬೋರ್ಡಿನ ಮೇಲೆ ಬೈನರಿ ಟ್ರೀ ಅನ್ನುವ ಕವಲೊಡೆದ ಡೇಟಾ ರಚನೆಯನ್ನು ಎಡಬಲ ತಿರುಗಿಸಲಿಕ್ಕೆ ಬರಲಿಲ್ಲ ಅಂತ ನನ್ನನ್ನು ಬೇಡ ಅಂದರು ಅಂತ.

ನನಗೆ ಇಷ್ಟವಾದ ಪ್ರಶ್ನೆ, ಬ್ರೌಸರ್‌ನಲ್ಲಿ ವಿಳಾಸ ಹಾಕಿ ಎಂಟರ್ ಒತ್ತಿದಮೇಲೆ ಏನೇನಾಗ್ತದೆ ಅನ್ನೋದು. ಹಳೇ ಪ್ರಶ್ನೆ, ಆದರೆ ಎಷ್ಟು ಆಳಕ್ಕೆ ಬೇಕಾದರೂ ಇಳೀಬಹುದು. ದಾಂಡೇಲಿಯ ಒಬ್ಬ, ಮೊದಲು ಮನೆಮನೆಗೆ ಇಂಟರ್‌ನೆಟ್ ಕೇಬಲ್ ಎಳೆಯುವ ಕೆಲಸ ಮಾಡಿದವ. ಡಿಎನ್ಎಸ್, ಅಂದರೆ ವೆಬ್ ವಿಳಾಸದ ಹೆಸರಿಗೆ ಐಪಿ ನಂಬರ್ ಹುಡುಕಿಕೊಡುವ ವ್ಯವಸ್ಥೆಯ ಬಗ್ಗೆ ಶುರು ಮಾಡಿದ, ಇಪ್ಪತ್ತು ನಿಮಿಷ ನಿಲ್ಲಲಿಲ್ಲ. "ಗಿರಾಕಿ ನೆಟ್ ಇಲ್ಲ ಅಂತಾರೆ, ನೋಡಿದರೆ ನೆಟ್ ಇರ್ತದೆ, ಹೆಸರು ಹುಡುಕೋದು ಮಾತ್ರ ಆಗಲ್ಲ, ಐಪಿ ನಂಬರ್ ಹಾಕಿದರೆ ಓಡ್ತದೆ" ಅಂದ. ಪುಸ್ತಕದಿಂದ ಆ ಮಾತು ಬರೋದಿಲ್ಲ.

ತದಡಿ_ಬಂದರು, 7:15

ವಿಷಯ ಬಿಟ್ಟು ಕೇಳ್ತೇನೆ, ಘಟ್ಟದ ಮೇಲೆ ಮಳೆ ಹೇಗುಂಟು? ಅಡಿಕೆಗೆ ಕೊಳೆರೋಗದ ಮದ್ದು ಹೊಡೆದಾಯ್ತಾ ಭಾವ?

ಬೆಟ್ಟದಂಚು, 7:32

ಒಂದು ಸುತ್ತು ಆಯ್ತು. ಎರಡನೆಯದಕ್ಕೆ ಸುಣ್ಣ, ಮೈಲುತುತ್ತು ತಂದಿಟ್ಟು ಹೊಳವಾಗೋದನ್ನೇ ಕಾಯ್ತಾ ಇದ್ದೇವೆ. ಮದ್ದು ಹೊಡೆಯುವವರು ಬಂದ ದಿನವೇ ಇಂಟರ್‌ವ್ಯೂ ಇಡ್ತಾರೆ ನೋಡು. ನಿಮ್ಮಲ್ಲಿ ಬೋಟೆಲ್ಲ ಕಟ್ಟಿದ್ದಾರಲ್ಲ?

ತದಡಿ_ಬಂದರು, 7:36

ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಕಟ್ಟಿದ್ದೇ. ಅಪ್ಪ ಬಲೆ ಹೆಣೀತಾ ಕೂತಿದ್ದಾರೆ.

ಹೊನ್ನಾವರ_ಹೊಳೆಸಾಲು, 8:20

ನಾನು ಸಾಫ್ಟ್‌ವೇರಿನವನಲ್ಲ, ಮೇಷ್ಟ್ರು. ಮಳೆಗಾಲದಲ್ಲಿ ತಾಳಮದ್ದಲೆ ಹುಚ್ಚು, ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ. ನಿಮ್ಮ ಮಾತು ಓದ್ತಾ ಅದೇ ನೆನಪಾಯ್ತು.

ವಾಲಿವಧೆ ಪ್ರಸಂಗ ತಗೊಳ್ಳಿ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳ್ತಾನೆ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ. ಒಳ್ಳೇ ಅರ್ಥಧಾರಿ ಅದನ್ನು ಎಷ್ಟು ಗಟ್ಟಿಯಾಗಿ ಕೇಳ್ತಾರೆ ಅಂದರೆ ರಾಮನ ಪಾತ್ರದವರು ತಮ್ಮಲ್ಲಿರುವ ಅತ್ಯುತ್ತಮವಾದದ್ದನ್ನು ತೆಗೆಯಲೇಬೇಕು. ಆ ರಾತ್ರಿ ಇಬ್ಬರೂ ಬೆಳೀತಾರೆ. ಕೆಲವರು ಇರ್ತಾರೆ, ಎದುರಿನವರು ಹೊಸಬರು ಅಂತ ಗೊತ್ತಾದರೆ "ಆ ಮಾತಿಗೆ ಶ್ಲೋಕ ಹೇಳು" ಅಂತ ಹಿಡೀತಾರೆ. ಹೊಸಬನ ಬಾಯಿ ಕಟ್ಟಿಹೋಗ್ತದೆ. ಅಲ್ಲಿಗೆ ಪ್ರಸಂಗವೂ ಸತ್ತುಹೋಗ್ತದೆ, ಹಾಡುವ ಭಾಗವತರು ಪಾಪ, ಮುಂದಿನ ಪದ್ಯ ಎತ್ತಿ ಅವನನ್ನು ಉಳಿಸಬೇಕು.

ನಿಮ್ಮ ಇಂಟರ್‌ವ್ಯೂನಲ್ಲಿ ಭಾಗವತರು ಯಾರು?

ಯಾಣದ_ಬಂಡೆ, 8:41

ಮೇಷ್ಟ್ರೇ, ಅದು ನಾನೇ ಆಗಬೇಕಿತ್ತು. ಎಚ್ಆರ್ ಆ ಕಾಲ್‌ನಲ್ಲಿ ಕೂರೋದೇ ಇಲ್ಲ. ಸೋಮವಾರ ನಮ್ಮಲ್ಲಿ ಈ ಮಾತು ಎತ್ತುತ್ತೇನೆ. ಕನಿಷ್ಠ ಕರೆಂಟ್ ಹೋದ ನಿಮಿಷಗಳನ್ನು ವಾಪಸ್ ಕೊಡಿಸುವಷ್ಟಾದರೂ ಒಬ್ಬರು ಇರಬೇಕು.

ಕಾಳಿ_ದಂಡೆ, 9:05

ಸರಿ, ನಾನೂ ಸ್ವಲ್ಪ ಇಳೀತೇನೆ. ಕೋಡ್ ಬರೆಸಬೇಕು ಅನ್ನೋದು ಬಿಡೋದಿಲ್ಲ. ಆದರೆ ಪ್ರಶ್ನೆ ಕೇಳುವ ಮೊದಲು ಅದನ್ನು ನಾನೇ ಗಡಿಯಾರ ಇಟ್ಟು ಬರೆದು ನೋಡ್ತೇನೆ. ನಿನ್ನೆ ರಾತ್ರಿ ನನ್ನ ಕಾಯಂ ಪ್ರಶ್ನೆಯನ್ನೇ ಬರೆದೆ. 30 ನಿಮಿಷ ಕೊಡ್ತಾ ಇದ್ದೆ ಜನರಿಗೆ. ನನಗೆ 34 ಬೇಕಾಯ್ತು, ಉತ್ತರ ಗೊತ್ತಿದ್ದೂ.

ಕೊನೇಸೆಮ್, 9:18

ಹಾಗಾದರೆ ನಾನು 500 ಪ್ರಾಬ್ಲಮ್ ಮಾಡೋದು ಬೇಡವಾ ಸರ್?

ಬೆಟ್ಟದಂಚು, 9:50

ಮಾಡು. ಈಗ ಬಾಗಿಲಲ್ಲಿ ಅದನ್ನೇ ಕೇಳ್ತಾರೆ, ನಾವು ಇಲ್ಲಿ ಏನು ಮಾತಾಡಿದರೂ ನಾಳೆ ಅದು ಬದಲಾಗೋದಿಲ್ಲ. ಆದರೆ 500 ಬೇಡ. ನೂರೈವತ್ತು ಸರಿಯಾಗಿ ಮಾಡು. ಅರೇ, ಹ್ಯಾಷ್ ಮ್ಯಾಪ್, ಟ್ರೀ ಅನ್ನುವ ಡೇಟಾ ರಚನೆಗಳು, ಗ್ರಾಫಿನಲ್ಲಿ ಹುಡುಕುವ ಬಿಎಫ್ಎಸ್, ಡಿಎಫ್ಎಸ್ ವಿಧಾನಗಳು, ಇಷ್ಟು ಕೈಗೆ ಹತ್ತಬೇಕು. ಪ್ರತಿಯೊಂದನ್ನೂ ಮುಗಿಸಿ, ಬಾಯಿಬಿಟ್ಟು ಯಾರಿಗಾದರೂ ವಿವರಿಸು, ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ಉಳಿದ ಸಮಯದಲ್ಲಿ ಬೇರೆಯವರು ಬರೆದ ಕೋಡ್ ಓದು. ಯಾವುದಾದರೂ ಓಪನ್ ಸೋರ್ಸ್ ಪ್ರಾಜೆಕ್ಟಿನ ಒಂದು ಸಣ್ಣ ಬಗ್ ಹಿಡಿದು ತಿದ್ದು. ಕೆಲಸಕ್ಕೆ ಸೇರಿದಮೇಲೆ ದಿನದ ಹೆಚ್ಚಿನ ಪಾಲು ಮಾಡೋದು ಅದೇ.

ಇನ್ನೊಂದು. ನನಗೆ ಹೇಗೂ ಕೆಲಸ ಸಿಗುವವರೆಗೆ ಭಾನುವಾರ ಬಿಡುವು. ಶಿರಸಿಗೆ ಬಂದರೆ ಪೇಟೆಯಲ್ಲೇ ಕೂರಲಿಕ್ಕೆ ಜಾಗ ಮಾಡ್ತೇನೆ. ಅಕ್ಕನ ಮಗನೂ ಬರ್ತಾನೆ. ಸುಳ್ಳು ಇಂಟರ್‌ವ್ಯೂ ಮಾಡೋಣ, ಒಬ್ಬೊಬ್ಬರಿಗೆ ಒಂದು ತಾಸು. ಎಲ್ಲಿ ಮುಗ್ಗರಿಸಿದಿರಿ ಅಂತ ಕೊನೆಗೆ ಕೂತು ಹೇಳ್ತೇನೆ. ಯಾರೂ ನನಗೆ ಅದನ್ನು ಹೇಳಲಿಲ್ಲ, ಆರು ಕಡೆಯಲ್ಲೂ.

ಸೋಂದೆ_ಸೊಸೆ, 9:58

ನಾನೂ ಬರ್ತೇನೆ. ಹೆಣ್ಣುಮಕ್ಕಳಿಗೆ ನಾನು ಕೂರ್ತೇನೆ.

ಕಾಳಿ_ದಂಡೆ, 10:06

ಪುಣೆಯಿಂದ ಆನ್‌ಲೈನ್ ಬರಬಹುದಾ? ಗ್ರಾಫ್ ನಾನು ಕೇಳ್ತೇನೆ, ಅದಕ್ಕೂ ಒಬ್ಬರು ಬೇಕಲ್ಲ.

ಕೊನೇಸೆಮ್, 10:11

ಸರ್, ನಾವು ನಾಲ್ಕು ಜನ ಇದ್ದೇವೆ. ಕಾರವಾರದಿಂದ ಬೆಳಿಗ್ಗೆ ಬಸ್ಸಿಗೆ ಹೊರಟು ಕುಮಟಾದಲ್ಲಿ ಬದಲಿಸಿದರೆ 11ರ ಒಳಗೆ ಬರಬಹುದು. ದೇವಿಮನೆ ಘಟ್ಟದಲ್ಲಿ ಮಣ್ಣು ಜರಿದರೆ ಏನು ಮಾಡೋದು?

ಬೆಟ್ಟದಂಚು, 10:14

ಜರಿದರೆ ಅಂಕೋಲಾ ಮೇಲೆ ಯಲ್ಲಾಪುರಕ್ಕೆ ಬನ್ನಿ, ನಾನು ಅಲ್ಲಿಗೇ ಬರ್ತೇನೆ. ಊಟ ನಮ್ಮ ಕಡೆಯಿಂದ. ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡು ಬನ್ನಿ, ಕರೆಂಟಿನದು ಹೇಳಲಿಕ್ಕಾಗೋದಿಲ್ಲ.